ಮಗಳ ಹೆಸರು, ಅಪ್ಪನ ಹೆಸರು



ನಾಲ್ಕೈದು ದಿನ ಫೇಸ್‌ಬುಕ್ ಕಡೆ ಬಂದಿರಲಿಲ್ಲ. ಡಿಸೆಂಬರ್ 25ರ ಪೋಸ್ಟ್ ಯಾಕೆ ಹಾಕಲಿಲ್ಲ, ಹುಬ್ಬಳ್ಳಿಯ ಕಾರ್ಯಕ್ರಮಕ್ಕೆ ಯಾಕೆ ಬರಲಿಲ್ಲ ಅಂತ ಗೆಳೆಯರು ಮೆಸೇಜ್ ಮಾಡಿ ಕೇಳಿದ್ದೀರಿ. ಊರಿಗೆ ಹೋಗಿದ್ದೆ. ಝಳಕಿಗೆ. ಐದು ತಿಂಗಳ ಮಗಳನ್ನ ಮೊದಲನೇ ಸಲ ಕರಕೊಂಡು. ಹೋಗಿ ಬಂದ ಮೇಲೆ ಒಂದು ಮಾತು ಎದೆಯೊಳಗ ಕುಂತದ, ಅದನ್ನ ನಿಮ್ಮ ಮುಂದ ಹೇಳಬೇಕು. ಸ್ವಲ್ಪ ಉದ್ದ ಆಗತದ, ಪೂರ್ತಿ ಓದ್ರಿ.

ಕ್ಲರ್ಕ್ ಕೆಲಸದವರಿಗೆ ಊರಿಗೆ ಹೋಗೋದು ಅಂದ್ರ ಕ್ಯಾಲೆಂಡರ್ ಲೆಕ್ಕ. ಈ ಸಲ ಗುರುವಾರ ಕ್ರಿಸ್ಮಸ್ ಸೂಟಿ, ಶುಕ್ರವಾರ ಒಂದು ಸಿಎಲ್, ಆಮೇಲೆ ನಾಲ್ಕನೇ ಶನಿವಾರ, ಭಾನುವಾರ. ನಾಲ್ಕು ದಿನ ಕೂಡಿ ಬಂದವು. ನನಗೀಗ ನಲವತ್ಮೂರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳು. ದಿನ ತುಂಬೋದಕ್ಕಿಂತ ಮೊದಲೇ ಹುಟ್ಟಿದಳು, ಹದಿನೆಂಟು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಹಂಗಾಗಿ ತೊಟ್ಟಿಲಕ್ಕ ಹಾಕೋದು, ಹೆಸರಿಡೋದು ಏನೂ ಆಗಿರಲಿಲ್ಲ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ನಾನೇ ಖಾಲಿ ಬಿಡಿಸಿದ್ದೆ, ಅವ್ವ ಅಪ್ಪನ ಮುಂದ ಇಡೋಣು ಅಂತ.

ಗುರುವಾರ ಬೆಳಿಗ್ಗೆ ಹೊರಡುವಾಗ ಪಕ್ಕದ ಮನೆಯ ಅಂಕಲ್ ಕೇಕ್ ಕೊಟ್ಟು ಕಳಿಸಿದರು. ಅವರ ಮನೆಯಲ್ಲಿ ಗೋದಲಿ ಮಾಡಿದ್ದರು. ಹುಲ್ಲಿನ ಮೇಲೆ ಮಲಗಿಸಿದ ಸಣ್ಣ ಬೊಂಬೆ. ಗೋದಲಿ ಅಂದ್ರ ನಮ್ಮ ಗ್ವಾದಲಿನೇ, ದನಕ್ಕ ಮೇವು ಹಾಕೋ ಜಾಗ. ಊರೊಳಗಿನ ಛತ್ರದಾಗ ಜಾಗ ಸಿಗಲಿಲ್ಲ ಅಂತ ಗ್ವಾದಲಿಯಾಗ ಮಲಗಿಸಿದ ಕೂಸು. ಊರ ಹೊರಗ ಹುಟ್ಟಿದ ನಮಗ ಈ ಕತಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಂಡತಿಗೆ ಶಕ್ತಿ ಟಿಕೆಟ್, ನನಗ ರೊಕ್ಕದ ಟಿಕೆಟ್, ಮಗಳಿಗೆ ಟಿಕೆಟ್ಟೇ ಇಲ್ಲ. ವಿಜಾಪುರದಾಗ ಬಸ್ ಬದಲಿಸಿ ಸೊಲ್ಲಾಪುರ ರೋಡು ಹಿಡಿದೆವು. ಎಳ್ಳಮಾಸಿ ಮುಗಿದು ವಾರನೂ ಆಗಿರಲಿಲ್ಲ. ರೋಡಿನ ಎರಡೂ ಕಡೆ ಹಿಂಗಾರಿ ಜ್ವಾಳ. ಝಳಕಿ ಕ್ರಾಸ್‌ನಲ್ಲಿ ಅಪ್ಪ ಬಂದು ನಿಂತಿದ್ದ. ಎಪ್ಪತ್ತೆರಡು ವರ್ಷದ ಮನುಷ್ಯ ಮೊಮ್ಮಗಳನ್ನ ಎತ್ತಿಕೊಳ್ಳೋಕೆ ಹೆದರಿದ. "ಭಾಳ ಸಣ್ಣಕೀ ಅದಾಳಲೋ" ಅಂದ. ಆಮೇಲೆ ಎತ್ತಿಕೊಂಡಾಂವ ಮನಿ ಮುಟ್ಟೋ ತನಕ ಯಾರಿಗೂ ಕೊಡಲಿಲ್ಲ.

ಅವತ್ತು ಸಂಜೆನೇ ತೊಟ್ಟಿಲು. ಡಿಸೆಂಬರ್ 25 ಅಂತ ನಾನೇ ಹಟ ಹಿಡಿದಿದ್ದೆ. 1927ರ ಇದೇ ದಿನ ಮಹಾಡದಲ್ಲಿ ಬಾಬಾಸಾಹೇಬರು ಮತ್ತು ಅವರ ಜೊತೆಗಾರರು ಮನುಸ್ಮೃತಿ ಸುಟ್ಟರು. ಆ ಠರಾವು ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಇದೆಲ್ಲ ಈ ಗೋಡೆಯ ಮೇಲೆ ಪ್ರತಿ ವರ್ಷ ಬರೆದೀನಿ, ನಿಮಗೆ ಗೊತ್ತು. ಆದರ ಆ ಪುಸ್ತಕದ ಎರಡನೇ ಅಧ್ಯಾಯದ 31ನೇ ಶ್ಲೋಕದ ಬಗ್ಗೆ ಒಮ್ಮೆಯೂ ಬರೆದಿಲ್ಲ. ಅದು ಕೂಸಿಗೆ ಹೆಸರಿಡುವ ಶ್ಲೋಕ. ಬ್ರಾಹ್ಮಣನ ಹೆಸರಲ್ಲಿ ಮಂಗಳ ಇರಬೇಕು, ಕ್ಷತ್ರಿಯನ ಹೆಸರಲ್ಲಿ ಬಲ, ವೈಶ್ಯನ ಹೆಸರಲ್ಲಿ ಸಂಪತ್ತು. ಶೂದ್ರನ ಹೆಸರು ಕೇಳಿದರೆ ಹೇಸಿಗೆ ಬರಬೇಕು ಅಂತ ಅದರ ಅರ್ಥ. ಶೂದ್ರರಿಗೇ ಇಷ್ಟು. ನಾವಂತೂ ಆ ಪಟ್ಟಿಯಲ್ಲೇ ಇಲ್ಲ.

ನಾವಿಬ್ಬರೂ ಮೊದಲೇ ಆರಿಸಿದ ಹೆಸರು ಪ್ರಜ್ಞಾ. ಬಾಬಾಸಾಹೇಬರು ಮತ್ತೆ ಮತ್ತೆ ಹೇಳಿದ ಪ್ರಜ್ಞೆ, ಶೀಲ, ಕರುಣೆ ಮೂರರಲ್ಲಿ ಮೊದಲನೆಯದು. ಅವ್ವಗ ಹೇಳಿದರೆ ಆಕಿ ಮೂರು ಸಲ ಪ್ರಯತ್ನ ಮಾಡಿ "ಪರಗಿ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಣ್ಣಿನ ಹೆಸರು ಬಾಯಿಗೆ ಸುಲಭ ಇರಬೇಕು, ಕೊನೆಗೆ ದೀರ್ಘ ಬರಬೇಕು ಅಂತಲೂ ಅದೇ ಅಧ್ಯಾಯದಾಗ ಅದ. ದೀರ್ಘ ಅಂತೂ ಬಂತು, ಸುಲಭ ಆಗಲಿಲ್ಲ. ನಮ್ಮವ್ವಗ ಮನು ಗೊತ್ತಿಲ್ಲ, ಮುಂದಿನ ಹಲ್ಲಿಲ್ಲ ಅಷ್ಟ.

ಅವ್ವನ ಆಸೆ ಬ್ಯಾರೆ ಇತ್ತು. "ಆಯಿ ಹೆಸರ ಇಡು. ಆಕಿನೇ ಹುಟ್ಟಿ ಬಂದಾಳ" ಅಂದಳು. ಆಯಿ ಅಂದ್ರ ಅಪ್ಪನ ಅವ್ವ, ಯಲ್ಲವ್ವ. ಮಂದಿಯ ಹೊಲದಾಗ ದುಡಿದು ಆರು ಮಕ್ಕಳನ್ನ ಸಾಕಿದಾಕಿ. ನಾನು ಬ್ಯಾಡ ಅಂದೆ. ಯಾಕ ಅಂತ ಕೇಳಿದಳು. "ಜೀವನಪೂರ್ತಿ ಊರು ಆಕೀನ್ನ ಯಲ್ಲಿ ಅಂತು. ಸಾಯೋ ದಿನಾನೂ ಯಲ್ಲಿ ಸತ್ತಳಂತ ಅಂದ್ರು. ಆ ಹೆಸರು ನನ್ನ ಮಗಳಿಗೆ ಬ್ಯಾಡ" ಅಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನಾ ಯಲ್ಲಿ ಅಂತ ಇಡು ಅಂದೀನೇನು? ಯಲ್ಲವ್ವ ಅಂತ ಇಡು ಅಂದೀನಿ."

ಬಿಎ ಓದಿದ ನನ್ನ ಹತ್ರ ಅದಕ್ಕೆ ಉತ್ತರ ಇರಲಿಲ್ಲ.

ಅಕ್ಕ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಉಳಿದ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ಗುದ್ದಿದರು, ಗುಗ್ಗರಿ ಹಂಚಿದೆವು. ಹೆಂಡತಿ ಸಂವಿಧಾನದ ಪೀಠಿಕೆ ಓದಿದಳು. ಪ್ರಜ್ಞಾ ಅಂತ ಹೆಸರಾಯಿತು. ಅವ್ವನ ಮಾತು ಮಾತ್ರ ನನ್ನ ಜೊತೆ ಉಳೀತು.

ಮರುದಿನ ಒಂದು ಮನೆಗೆ ಹೋದೆವು. ನನ್ನ ಜೊತೆ ಒಂದರಿಂದ ಹತ್ತರ ತನಕ ಓದಿದ ಗೆಳೆಯನ ಮನೆ, ಊರೊಳಗಿನ ದೊಡ್ಡ ಮನಿ. ಹೆಸರು ಬೇಡ. ಅಂವ ಒಳ್ಳೆ ಮನುಷ್ಯ, ಇದನ್ನ ಅವನೂ ಓದತಾನ. ಮಗಳನ್ನ ನೋಡಬೇಕು ಕರಕೊಂಡು ಬಾ ಅಂತ ಅವನೇ ಫೋನ್ ಮಾಡಿದ್ದ. ಒಳಗ ಕರೆದು ಕುರ್ಚಿ ಕೊಟ್ಟರು. ಎಲ್ಲರಿಗೂ ಒಂದೇ ತರದ ಕಪ್ಪಿನಲ್ಲಿ ಚಹಾ. ಅವನ ತಾಯಿ ಕೂಸನ್ನ ತೊಡಿ ಮೇಲೆ ಹಾಕ್ಕೊಂಡು ಮುದ್ದಾಡಿ, ಕೈಯಾಗ ನೂರು ರೂಪಾಯಿ ನೋಟು ಹಿಡಿಸಿದರು. ನಾವು ಸಣ್ಣವರಿದ್ದಾಗ ಅದೇ ಮನೆಯಲ್ಲಿ ನನಗ ಮೇಲಿಂದ ನೀರು ಸುರಿತಿದ್ದರು, ನಾನು ಬೊಗಸೆ ಒಡ್ಡತಿದ್ದೆ. ಮೂವತ್ತೈದು ವರ್ಷದಲ್ಲಿ ಇಷ್ಟು ಬದಲಾಗೇದ. ಬದಲಾಗಿಲ್ಲ ಅಂತ ಹೇಳಿದರೆ ಅದು ಸುಳ್ಳು.

ಹೆಸರು ಏನು ಅಂತ ಕೇಳಿದರು. ಪ್ರಜ್ಞಾ ಅಂದೆ. "ಅಯ್ಯ, ದೊಡ್ಡ ಹೆಸರ ಇಟ್ಟೀಯಲ್ಲೋ" ಅಂದರು. ನಕ್ಕೋತ ಅಂದರು. ನಾನೂ ನಕ್ಕೆ.

ಅಪ್ಪ ನಮ್ಮ ಜೊತೆಗೇ ಬಂದಿದ್ದ, ಆದರ ಒಳಗ ಬರಲಿಲ್ಲ. ಎಷ್ಟು ಕರೆದರೂ ಹೊರಗಿನ ಕಟ್ಟಿ ಮೇಲೆ ಕುಂತ. ಅಜ್ಜಿ ಮೊಮ್ಮಗನ ಕೈಯಾಗ ಚಹಾ ಕೊಟ್ಟು ಹೊರಗ ಕಳಿಸಿದರು. ಒಂಬತ್ತು ವರ್ಷದ ಹುಡುಗ, ಇಂಗ್ಲಿಷ್ ಮೀಡಿಯಂ ಸಾಲಿಗೆ ಹೋಗತಾನ, ಐದು ನಿಮಿಷದ ಹಿಂದೆ ನನಗೆ "ಗುಡ್ ಮಾರ್ನಿಂಗ್ ಅಂಕಲ್" ಅಂದಿದ್ದ. ಬಾಗಿಲು ದಾಟಿ ನಮ್ಮಪ್ಪನ ಹೆಸರು ಹಿಡಿದು ಕರೆದ. ಹೆಸರಿನ ಕೊನೆಗಿರುವ 'ಅಪ್ಪ' ತೆಗೆದು, ಅಲ್ಲಿ 'ಯಾ' ಹಚ್ಚಿ. "ಏ, ಚಹಾ ತಗೋ."

ನಮ್ಮಪ್ಪ ಎದ್ದು ನಿಂತ. ಎರಡೂ ಕೈ ಮುಂದ ಮಾಡಿ "ಕೊಡ್ರಿ" ಅಂದ.

ಎಪ್ಪತ್ತೆರಡಕ್ಕ ಏಕವಚನ, ಒಂಬತ್ತಕ್ಕ ಬಹುವಚನ. ಇದೆಲ್ಲ ನನ್ನ ಮಗಳ ಎದುರಿಗೇ ಆಯಿತು. ಆಕಿ ಆ ಅಜ್ಜಿಯ ತೊಡಿ ಮೇಲೆ ನೋಟು ಬಾಯಿಗೆ ಇಟ್ಟುಕೊಳ್ಳಾಕ ನೋಡತಿದ್ದಳು. ಆಕೀಗೇನು ತಿಳೀತದ ಅನ್ನಬಹುದು. ಇನ್ನ ಮೂರು ವರ್ಷಕ್ಕ ತಿಳೀತದ.

ಅಪ್ಪನ ಹೆಸರು ನಾನು ಇಲ್ಲಿ ಬರೆದಿಲ್ಲ. ಅವನೇ ಬ್ಯಾಡ ಅಂದಾನ. ಆದರ ನಮ್ಮ ಕಡೆಯವರಿಗೆ ಬಿಡಿಸಿ ಹೇಳೋದೇನೂ ಇಲ್ಲ. ಸಿದ್ದಪ್ಪ ಸಿದ್ದ್ಯಾ ಆಗತಾನ, ಮಲ್ಲಪ್ಪ ಮಲ್ಲ್ಯಾ ಆಗತಾನ, ಯಲ್ಲವ್ವ ಯಲ್ಲಿ ಆಗತಾಳ. ನಮ್ಮ ಹೆಸರುಗಳ ಕೊನೆಗೆ ಅಪ್ಪ ಅದಾನ, ಅವ್ವ ಅದಾಳ, ಅಣ್ಣ ಅದಾನ. ಹುಟ್ಟಿಸಿದವರು ಮರ್ಯಾದೆಯನ್ನ ಹೆಸರಿನೊಳಗೇ ಕೂಡಿಸಿ ಕಟ್ಟಿ ಕೊಟ್ಟಾರ. ಕರಿಯೋರು ಬರೋಬ್ಬರಿ ಅದನ್ನೇ ಕತ್ತರಿಸಿ ಒಗೀತಾರ.

ಅವತ್ತು ಹುಡುಗನಿಗೆ ನಾನೇನೂ ಅನ್ನಲಿಲ್ಲ. ಭಾಷಣಕ್ಕ ನಿಂತರೆ ಒಂದು ತಾಸು ಮಾತಾಡೋ ನಾನು ಚಹಾ ಕುಡಿದು ಕಪ್ಪು ಕೆಳಗಿಟ್ಟೆ. ಇದನ್ನೂ ಬರೀಬೇಕು, ಅದಕ್ಕ ಬರೀತಾ ಇದ್ದೀನಿ. ಸಂಜೆ ಗೆಳೆಯನ ಜೊತೆ ಕ್ರಾಸ್ ತನಕ ನಡಕೊಂಡು ಹೋಗುವಾಗ ಕೇಳಿದೆ. ಅಂವ ನಿಜವಾಗಿಯೂ ಆಶ್ಚರ್ಯಪಟ್ಟ. "ಲೇ, ಅದು ಪ್ರೀತಿಲೆ ಅಂತಾರ. ಮನಿ ಮನುಷ್ಯ ಇದ್ದಂಗ ಅದಾನ ನಿಮ್ಮಪ್ಪ. ನೀ ಎಲ್ಲಾದರಾಗೂ ಜಾತಿ ಹುಡುಕತಿ ನೋಡು" ಅಂದ.

ನಾನಂದೆ: "ನಾನೂ ನಮ್ಮಪ್ಪಗ ನೀ ಅಂತೀನಿ, ನಮ್ಮವ್ವಗೂ ನೀ ಅಂತೀನಿ. ಪ್ರೀತಿಯ ಏಕವಚನ ನನಗೂ ಗೊತ್ತದ. ನೀ ನನಗ ಲೇ ಅಂತಿ, ನಾ ನಿನಗ ಲೇ ಅಂತೀನಿ. ಪ್ರೀತಿ ಆದ್ರ ಎರಡೂ ಕಡೆ ಹೋಗಬೇಕಲ್ಲ? ನಾಳೆ ನನ್ನ ಮಗಳು ಒಂಬತ್ತು ವರ್ಷದಾಕಿ ಆಗಿ, ನಿಮ್ಮಪ್ಪನ ಹೆಸರಿನ ಅಪ್ಪ ತೆಗೆದು ಕರದ್ರ ನಡೀತದೇನು?"

ಅಂವ ಉತ್ತರ ಕೊಡಲಿಲ್ಲ. ಸಿಟ್ಟಿಗೂ ಬರಲಿಲ್ಲ. ಹಂಗೇ ನಡೆದು ಹೋದೆವು.

ಗೆಳೆಯಾ, ಇಲ್ಲಿ ಇನ್ನೊಂದು ಮಾತು ಹೇಳತೀನಿ. ನಿಮ್ಮ ಪಡಸಾಲಿಯಲ್ಲಿ ಬಸವಣ್ಣನ ಫೋಟೋ ಅದ. ಅಂವ ನಮ್ಮದೇ ಜಿಲ್ಲೆಯ ಬಾಗೇವಾಡಿಯವನು. 2024ರಲ್ಲಿ ಸರ್ಕಾರ ಅವನನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಣೆ ಮಾಡೇದ. ಒಬ್ಬರನ್ನೊಬ್ಬರು ಹೆಂಗ ಕರೀಬೇಕು ಅನ್ನೋದರ ಮೇಲೇ ಅವನ ಒಂದು ವಚನ ಅದ. ನಿನಗೂ ಬಾಯಿಪಾಠ, ನಿನ್ನ ಮಗನಿಗೂ ಬಾಯಿಪಾಠ ಇರಬೇಕು. ನಾನು ಇಲ್ಲಿ ಅಂದು ತೋರಿಸೋದು ಬ್ಯಾಡ. ಮನುವಿನ ಆ 31ನೇ ಶ್ಲೋಕದಾಗ ಹೇಸಿಗೆಯ ಹೆಸರು ಯಾರಿಗೆ ಅಂತ ಬರೆದದ ಅನ್ನೋದನ್ನೂ ಒಮ್ಮೆ ನೋಡು. ಅದು ನಿಮಗೂ ಬರೆದದ್ದು.

ಕೆಲವರು ಕೇಳಬಹುದು, ಇದಕ್ಕೆಲ್ಲ ಕಾಯ್ದೆ ಇಲ್ಲೇನು ಅಂತ. ಸಾರ್ವಜನಿಕರ ಎದುರು ಜಾತಿ ಹೆಸರು ಹಿಡಿದು ಬೈದರೆ 1989ರ ಅಟ್ರಾಸಿಟಿ ಕಾಯ್ದೆ ಅದ. ಆದರ ಪ್ರೀತಿಲೆ ಚಹಾ ಕೊಡುವಾಗ ಮುದುಕನ ಹೆಸರಿನ ಬಾಲ ಕತ್ತರಿಸಿದರೆ ಯಾವ ಸ್ಟೇಷನ್‌ನಾಗ ಬರಸೋದು? ಆ ಹುಡುಗ ಬೈದಿಲ್ಲ. ಅವನಿಗೆ ಅದು ಹೆಸರೇ. ಮನೆಯಲ್ಲಿ ಕೇಳಿದ್ದನ್ನ ಅಂದಾನ. ಮಹಾಡದಲ್ಲಿ ಪುಸ್ತಕ ಸುಟ್ಟು 98 ವರ್ಷ ಆತು. ಆ ಪುಸ್ತಕ ಓದದೇ ಇರೋ ಒಂಬತ್ತು ವರ್ಷದ ಹುಡುಗನ ನಾಲಿಗಿ ಮೇಲೆ ಅದರ 31ನೇ ಶ್ಲೋಕ ಇನ್ನೂ ಅದ.

ಶನಿವಾರ ನಮ್ಮ ಓಣಿಯ ಇನ್ನೊಬ್ಬ ಹಳೇ ಗೆಳೆಯ ವಿಜಾಪುರದಿಂದ ಹೆಂಡತಿ ಮಕ್ಕಳ ಜೊತೆ ಬಂದ. ಹತ್ತು ವರ್ಷದಿಂದ ಅವರು ಚರ್ಚಿಗೆ ಹೋಗತಾರ. ಕ್ರಿಸ್ಮಸ್ ಕೇಕು, ಕರ್ಚಿಕಾಯಿ ತಂದಿದ್ದ. ಹೆಸರಿನ ಮಾತು ಬಂದಾಗ ನಕ್ಕು ಅಂದ: "ನಿನ್ನ ಮಗಳಿಗೆ ಒಂದ ಹೆಸರು. ನನ್ನ ಮಗನಿಗೆ ಎರಡು ನೋಡು. ಚರ್ಚಿನಾಗ ಒಂದು, ಸಾಲಿಯಾಗ ಒಂದು." ಯಾಕ ಅಂತ ನಿಮಗೆ ಗೊತ್ತು. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ. ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಲು ಮೊದಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಇದನ್ನ ನೋಡಾಕ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು. ದೇವರನ್ನ ಬದಲಿಸಿದ ಗೆಳೆಯನನ್ನ ಊರು ಇನ್ನೂ ಹಳೇ ಜಾತಿಯಿಂದಲೇ ಗುರುತಿಸತದ, ಮೊಟಕು ಮಾಡಿದ ಹಳೇ ಹೆಸರಿನಿಂದಲೇ ಕರೀತದ. ಸರ್ಕಾರದ ಕಾಗದ ಮಾತ್ರ, ನಿಂದು ಈಗ ಆ ಜಾತಿ ಅಲ್ಲ ಅಂತದ.

ಕಾಗದದ ಮಾತು ಬಂತಲ್ಲ, ನನ್ನದೇ ಹೇಳತೀನಿ. ನನ್ನನ್ನ ಒಂದನೇತ್ತಕ್ಕ ಹಾಕುವಾಗ ಮಾಸ್ತರರು ಅಡ್ಡಹೆಸರು ಏನು ಅಂದರಂತೆ. ಅಪ್ಪ ಸುಮ್ಮನೆ ನಿಂತ. ಅವರೇ 'ಹರಿಜನ' ಅಂತ ಬರೆದುಕೊಂಡರು. ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಬಿಎ ಸರ್ಟಿಫಿಕೇಟಿಗೆ ಬಂತು, ಸೇವಾ ಪುಸ್ತಕಕ್ಕೆ ಬಂತು. ಇವತ್ತಿಗೂ ಹಾಜರಿ ಪುಸ್ತಕದಾಗ ನನ್ನ ಮುಂದ ಅದೇ ಅದ. ನಮ್ಮ ವಿಜಾಪುರ ಮುಂಬೈ ಪ್ರಾಂತ್ಯದೊಳಗೆ ಇದ್ದ ಕಾಲದಲ್ಲಿ, 1938ರಲ್ಲಿ, ಅದೇ ಪ್ರಾಂತ್ಯದ ಶಾಸನಸಭೆಯಲ್ಲಿ ಒಂದು ಮಸೂದೆಯೊಳಗೆ 'ಹರಿಜನ' ಪದ ಹಾಕಿದ್ದನ್ನ ವಿರೋಧಿಸಿ ಬಾಬಾಸಾಹೇಬರು ತಮ್ಮ ಪಕ್ಷದವರ ಜೊತೆ ಸಭಾತ್ಯಾಗ ಮಾಡಿದರು. ಅದಾಗಿ ಐವತ್ತು ವರ್ಷದ ಮೇಲೆ ಅದೇ ಪದವನ್ನ ನನಗ ಕೇಳದೇ ನನ್ನ ಹೆಸರಿಗೆ ಕಟ್ಟಿದರು.

ಈಗ ನಮ್ಮ ಸಂಗಾತಿಗಳಿಗೆ ಎರಡು ಮೂರು ಮಾತು. ಬೈಸಿಕೊಳ್ಳೋಕೆ ತಯಾರಾಗೇ ಬರೀತೀನಿ.

ಒಂದು. ಕೂಸಿನ ಹೆಸರನ್ನ ಹಗುರ ತಗೋಬ್ಯಾಡ್ರಿ. ಜನನ ನೋಂದಣಿ 21 ದಿನದೊಳಗೆ ಪುಕ್ಕಟೆ ಆಗತದ. ಹೆಸರು ಇನ್ನೂ ಇಟ್ಟಿಲ್ಲ ಅಂದ್ರ ಒಂದು ವರ್ಷದೊಳಗೆ ಶುಲ್ಕ ಇಲ್ಲದೇ ಸೇರಿಸಬಹುದು, ಆಮೇಲೆ 15 ವರ್ಷದ ತನಕ ದಂಡ ಶುಲ್ಕ ಕಟ್ಟಿ ಸೇರಿಸಬಹುದು. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸಾಲಿ ಸೇರೋದರಿಂದ ಹಿಡಿದು ಸರ್ಕಾರಿ ನೌಕರಿ ತನಕ ಹುಟ್ಟಿದ ದಿನ, ಹುಟ್ಟಿದ ಊರಿಗೆ ಈ ಪ್ರಮಾಣಪತ್ರವೇ ಪುರಾವೆ. ಅಲ್ಲಿ ಬರೆದದ್ದು ಜೀವನಪೂರ್ತಿ ಬರತದ. ಬ್ಯಾರೆ ಯಾರೋ ನಿಮ್ಮ ಪರವಾಗಿ ಅಡ್ಡಹೆಸರು ಬರಿಯೋದಕ್ಕಿಂತ ಮೊದಲು ನೀವೇ ಬರೀರಿ. ಓಣಿಯಲ್ಲಿ ಓದು ಬಾರದ ತಾಯಂದಿರಿದ್ದರೆ ಜೊತೆ ಹೋಗ್ರಿ.

ಎರಡು. ಹಳೇ ಹೆಸರುಗಳಿಗೆ ನಾಚಬ್ಯಾಡ್ರಿ. ಇದು ನನಗೆ ನನ್ನ ಅವ್ವ ಕಲಿಸಿದ್ದು. ಹುಟ್ಟಿದ ಕೂಸುಗಳು ಉಳೀಲಿಲ್ಲ ಅಂತ ತಿಪ್ಪಿ ಮೇಲೆ ಹಾಕಿ ತಿಪ್ಪಣ್ಣ ಅಂತ ಕರೆದ ತಾಯಂದಿರು ಎಲ್ಲಾ ಜಾತಿಯಾಗೂ ಇದ್ದರು. ಬ್ಯಾರೆ ಓಣಿಯ ತಿಪ್ಪಣ್ಣ ತಿಪ್ಪಣ್ಣೋರು ಆಗತಾರ, ನಮ್ಮ ಓಣಿಯಾಂವ ತಿಪ್ಯಾ ಆಗತಾನ. ನಮ್ಮ ಮಕ್ಕಳಿಗೆ ಎಂಥ ದೊಡ್ಡ ಹೆಸರು ಇಟ್ಟರೂ ಕತ್ತರಿಸೋ ನಾಲಿಗಿ ಕತ್ತರಿಸೇ ಕತ್ತರಿಸತದ. ಪ್ರಜ್ಞಾ ಪರಗಿ ಆಗಾಕ ಎಷ್ಟು ಹೊತ್ತು?

ಮೂರು. ಮೊದಲು ನಮ್ಮ ನಾಲಿಗಿ ನೋಡಿಕೊಳ್ಳೋಣು. ಹುಬ್ಬಳ್ಳಿಯಲ್ಲಿ ನಮ್ಮ ಬೀದಿಗೆ ಕಸ ಒಯ್ಯಲು ಬರುವ ಪೌರಕಾರ್ಮಿಕ ಅಕ್ಕ ಇದ್ದಾರೆ. ಮೂರು ವರ್ಷದಿಂದ ನಾನು ಅವರನ್ನ "ಏ, ಇಲ್ಲಿ ಬಾ" ಅಂತ ಕರೀತಿದ್ದೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಊರಿಂದ ಬಂದ ಮರುದಿನ ಕೇಳಿದೆ. "ಯಾಕ್ರೀ ಅಣ್ಣಾರ, ಏನರ ತಪ್ಪಾತೇನ್ರಿ?" ಅಂತ ಹೆದರಿದರು. ಹೆಸರು ಕೇಳಿದರೆ ಕಂಪ್ಲೇಂಟ್ ಬರಿಯಾಕ ಅಂತ ಅವರು ತಿಳಕೊಂಡಿದ್ದಾರೆ ಅಂದ್ರ ನಾವು ಹೆಂಗ ನಡಕೊಂಡೀವಿ ನೋಡ್ರಿ. ನಮ್ಮೊಳಗೇ ಬಲಗೈ ಎಡಗೈ ಅಂತ, ಒಬ್ಬರ ಓಣಿಯ ಹಿರಿಯರನ್ನ ಇನ್ನೊಬ್ಬರು ಹೆಂಗ ಕರೀತೀವಿ ಅನ್ನೋದನ್ನೂ ಒಮ್ಮೆ ನೆನಪು ಮಾಡ್ಕೋರಿ.

ಇನ್ನೆರಡು ವರ್ಷಕ್ಕೆ, 2027ರ ಡಿಸೆಂಬರ್ 25ಕ್ಕೆ, ಮಹಾಡದ ಆ ಬೆಂಕಿಗೆ ನೂರು ವರ್ಷ. ದೊಡ್ಡ ದೊಡ್ಡ ಕಾರ್ಯಕ್ರಮ ಆಗತಾವ, ಆಗಲಿ, ನಾನೂ ಬರತೀನಿ. ಅದರ ಜೊತೆಗೆ ನನ್ನದೊಂದು ಸಲಹೆ. ಪ್ರತಿ ಊರಿನ ಕಾರ್ಯಕ್ರಮದಲ್ಲಿ ಒಂದು ಟೇಬಲ್ ಹಾಕೋಣು. ನಮ್ಮ ಓಣಿಯ ಅರವತ್ತು ದಾಟಿದವರ ಪೂರ್ತಿ ಹೆಸರನ್ನ ಅವರ ಬಾಯಿಂದಲೇ ಕೇಳಿ ಬರಕೊಳ್ಳೋಣು, ಮೈಕಿನಲ್ಲಿ ಪೂರ್ತಿ ಹೆಸರಿನಿಂದಲೇ ಕರೆಯೋಣು. ಮಕ್ಕಳ ದಾಖಲೆಯಲ್ಲಿ ಹೆಸರು ತಪ್ಪಾಗಿದ್ದರೆ ಅರ್ಜಿ ಬರೆದು ಕೊಡೋಣು. ಬರಿಯೋ ಕೆಲಸ ನನಗ ಬಿಡ್ರಿ, ಇಪ್ಪತ್ತು ವರ್ಷದಿಂದ ಅದನ್ನೇ ಮಾಡಾಕತ್ತೀನಿ.

ಊರಿಂದ ಬಂದ ಮೇಲೆ ಅಪ್ಪ ಫೋನ್ ಮಾಡಿದ್ದ. ನಾನು ಗೆಳೆಯನ ಹತ್ರ ಮಾತಾಡಿದ್ದು ಅವನ ಕಿವಿಗೆ ಬಿದ್ದದ. ಖುಷಿ ಆಗಿಲ್ಲ. "ನೀ ನಾಕ ದಿನ ಬಂದು ಹೋಗಾಂವ. ನಾ ಇಲ್ಲೇ ಇರಾಂವ. ನಾಳೆ ಆ ಮನಿ ಮುಂದ ಹಾದು ಹೋಗೋದು ನನಗ ತ್ರಾಸ ಆಗತದ" ಅಂದ. ಅವನ ಮಾತೂ ಖರೇನೇ ಅದ. ಊರಲ್ಲಿ ಇರೋರು ಕೊಡುವ ಬೆಲೆಯನ್ನ ಫೇಸ್‌ಬುಕ್‌ನಲ್ಲಿ ಬರಿಯೋರು ಕೊಡಂಗಿಲ್ಲ. ಅದಕ್ಕ ಸಂಕ್ರಾಂತಿಗೆ ಮತ್ತ ಹೋಗತೀನಿ, ಅದೇ ಮನೆಗೆ, ಮಗಳನ್ನ ಕರಕೊಂಡು. ಅಪ್ಪ ಕಟ್ಟಿ ಮೇಲೆ ಕುಂತರೆ ನಾವೂ ಕಟ್ಟಿ ಮೇಲೇ ಕುಂತು ಚಹಾ ಕುಡಿತೀವಿ. ಹುಡುಗನಿಗೆ ನಾನೇ ಹೇಳತೀನಿ, ಪ್ರೀತಿಲೆನೇ ಹೇಳತೀನಿ: ಅವರು ನಿನಗ ಅಜ್ಜ ಆಗಬೇಕು, ಅಜ್ಜಾ ಅನ್ನು ಅಂತ.

ಸೋಮವಾರ ಕಚೇರಿಗೆ ಹೋಗುವ ದಾರಿಯಲ್ಲೇ ಜನನ ನೋಂದಣಿಯ ಅರ್ಜಿ ಕೊಟ್ಟು ಬಂದೆ. ಖಾಲಿ ಇದ್ದ ಜಾಗದಲ್ಲಿ ಹೆಸರು ಬರೆದೆ. ನನ್ನ ಅಡ್ಡಹೆಸರು ಹಾಕಲಿಲ್ಲ. 'ಪ್ರಜ್ಞಾ ಯಲ್ಲವ್ವ' ಅಂತ ಬರೆದೆ. ಕೌಂಟರಿನವರು ಓದಿ, "ಯಲ್ಲವ್ವ ಅಂದ್ರ ತಾಯಿ ಹೆಸರೇನ್ರಿ?" ಅಂದರು.

"ಮುತ್ತಜ್ಜಿ ಹೆಸರ್ರೀ" ಅಂದೆ. "ಪೂರ್ತಿ ಬರೀರಿ, ಏನೂ ಬಿಡಬ್ಯಾಡ್ರಿ."

ಜೈ ಭೀಮ್.